ಆ ಹುಡುಗನ ಬಾಯಲ್ಲಿ ಬಂದ ಇಬ್ಬನಿ

ಪ್ರೀತಿಯ ತಮ್ಮಾ,

ನಿನ್ನ ಕತೆ ಓದಿದೆ, ಎರಡು ಸಲ. ಅಜ್ಜಿ ಮಾತಾಡುವ ಭಾಗಕ್ಕೆ ಬಂದಾಗ ಮನಸ್ಸಿಗೆ ಏನೋ ಕಸಿವಿಸಿ ಆಯಿತು. ಅಡಿಕೆ ಸುಲಿಯುತ್ತಾ ಕೂತ ಅಜ್ಜಿ ಪೇಪರ್ ಭಾಷೆಯಲ್ಲಿ ಮಾತಾಡುತ್ತಾಳಲ್ಲ! ಊರಿನ ಮಾತು ಬರೆದರೆ ಬೇರೆ ಕಡೆಯವರಿಗೆ ಅರ್ಥ ಆಗಲ್ಲ ಅನ್ನೋ ಭಯ ಅಂದೆ. ಅದಕ್ಕೇ ನಿನಗೆ ಪಸೋಲಿನಿಯ ವಿಷಯ ಹೇಳಬೇಕು ಅನ್ನಿಸಿತು.

ಪಿಯರ್ ಪಾವೊಲೊ ಪಸೋಲಿನಿ ಅಂದರೆ ಇಟಲಿಯ ಸಿನಿಮಾ ನಿರ್ದೇಶಕ ಅಂತ ಎಲ್ಲರಿಗೂ ಗೊತ್ತು. ಆದರೆ ಅವನು ಮೊದಲು ಕವಿ. ಹುಟ್ಟಿದ್ದು 1922ರಲ್ಲಿ, ಬೊಲೊನ್ಯಾದಲ್ಲಿ. ತಾಯಿಯ ಊರು ಕಸಾರ್ಸಾ, ಫ್ರಿಯುಲಿ ಸೀಮೆಯದು. 1941ರ ಬೇಸಿಗೆಯ ಒಂದು ಬೆಳಗ್ಗೆ ಆ ಮನೆಯ ಮರದ ಬಾಲ್ಕನಿಯಲ್ಲಿದ್ದಾಗ, ರಸ್ತೆಯಾಚೆ ಮನೆಯ ಹುಡುಗ ಮಾತಿನ ನಡುವೆ 'ರೊಸಾದಾ' ಅಂದ. ಇಬ್ಬನಿ ಅಂತ ಅರ್ಥ. ಅಲ್ಲಿನ ರೈತರ ಬಾಯಲ್ಲಿ ಶತಮಾನಗಳಿಂದ ಇದ್ದ ಪದ, ಆದರೆ ಆ ಕಡೆ ಅದನ್ನು ಯಾರೂ ಬರೆದೇ ಇಲ್ಲ ಅಂತ ಅವನಿಗೆ ಥಟ್ಟನೆ ಹೊಳೆಯಿತು. ಮಾಡುತ್ತಿದ್ದ ಕೆಲಸ ಬಿಟ್ಟು ಆ ಮಾತಿನಲ್ಲೇ ಪದ್ಯ ಬರೆದ. ಮರುವರ್ಷ, ಇಪ್ಪತ್ತು ವಯಸ್ಸಿಗೆ, ಕೈಯಿಂದ ದುಡ್ಡು ಹಾಕಿ ಅದೇ ಮಾತಿನ ಕವನ ಸಂಕಲನ ತಂದ. ಅದೂ ಮುಸೊಲಿನಿಯ ಕಾಲದಲ್ಲಿ, ಆಡುಮಾತಿನ ಬರಹ ಅಂದರೆ ಸರ್ಕಾರಕ್ಕೆ ಆಗದಿದ್ದ ಕಾಲದಲ್ಲಿ.

ಇನ್ನೊಂದು ವಿಷಯ ಗೊತ್ತಾ? ಫ್ರಿಯುಲಿಯ ಆ ಮಾತು ಅವನ ಮನೆಮಾತು ಅಲ್ಲ. ಹಳ್ಳಿಯವರ ಬಾಯಿಂದ ಕೇಳಿ ಕೇಳಿ ಕಲಿತದ್ದು. ನಿನಗೆ ಊರ ಮಾತು ಹುಟ್ಟುತ್ತಲೇ ಸಿಕ್ಕಿದೆ, ನೀನು ಅದನ್ನು ಅಳಿಸಿಹಾಕುತ್ತಿದ್ದೀಯ.

1950ರಲ್ಲಿ ತಾಯಿಯ ಜೊತೆ ರೋಮ್‌ಗೆ ಬಂದ. ಬಡತನ. ಮೇಷ್ಟ್ರ ಕೆಲಸ, ಕಡಿಮೆ ಸಂಬಳ. ಅಲ್ಲೂ ಕಿವಿ ಸುಮ್ನೆ ಇರಲಿಲ್ಲ. ಊರ ಹೊರಗಿನ ಗುಡಿಸಲುಗಳ ಹುಡುಗರ ಜೊತೆ ಅಲೆದ. ಗೋಡೆಗೆ ಬಣ್ಣ ಬಳಿಯುವ ಸೆರ್ಜೊ ಚಿತ್ತಿ ಅನ್ನುವವನನ್ನು ಕೂರಿಸಿಕೊಂಡು, ಈ ಬೈಗುಳ ಯಾವಾಗ ಬರುತ್ತೆ, ಈ ಪದಕ್ಕೆ ಏನರ್ಥ ಅಂತ ಕೇಳಿ ತಿಳಿದುಕೊಂಡ. ಆ ಹುಡುಗರ ಮೇಲಿನ ಕಾದಂಬರಿ 1955ರಲ್ಲಿ ಬಂತು. ಅಶ್ಲೀಲ ಅಂತ ಕೇಸು ಬಿತ್ತು, ಕೊನೆಗೆ ಖುಲಾಸೆ ಆಯಿತು. ಬೀದಿಯ ಮಾತು ಅವನಷ್ಟು ಚೆನ್ನಾಗಿ ಗೊತ್ತಿದ್ದವರು ಕಡಿಮೆ ಅಂತಲೇ ಹೆಸರಾಂತ ನಿರ್ದೇಶಕ ಫೆಲಿನಿ ತನ್ನ ಸಿನಿಮಾದ ಸಂಭಾಷಣೆಗೆ ಅವನ ಸಹಾಯ ತಗೊಂಡಿದ್ದು.

ಆಮೇಲೆ ತಾನೇ ಸಿನಿಮಾ ಮಾಡಲು ಹೊರಟ. ಪರೀಕ್ಷೆಗೆ ತೆಗೆದ ಚಿತ್ರಿಕೆ ನೋಡಿ, ನಿರ್ಮಾಣ ಮಾಡಬೇಕಿದ್ದ ಅದೇ ಫೆಲಿನಿ ಹಿಂದೆ ಸರಿದ. ಪಸೋಲಿನಿ ಬೇರೆ ನಿರ್ಮಾಪಕನನ್ನು ಹುಡುಕಿದ, ಸೆರ್ಜೊನ ತಮ್ಮ, ನಟನೆ ಗೊತ್ತಿಲ್ಲದ ಫ್ರಾಂಕೊನನ್ನೇ ನಾಯಕ ಮಾಡಿದ. 1961ರಲ್ಲಿ 'ಅಕ್ಕತ್ತೋನೆ' ಬಂತು. ನಿನ್ನ ಕತೆ ವಾಪಸ್ ಬಂತು ಅಂತ ಬೇಜಾರಾಗಿದ್ದೀಯಲ್ಲ, ಅದಕ್ಕೇ ಇದನ್ನೂ ಬರೆದೆ.

ಮೂರು ವರ್ಷದ ನಂತರ ಏಸುವಿನ ಸಿನಿಮಾದಲ್ಲಿ ಮುದಿ ಮೇರಿಯಾಗಿ ತನ್ನ ತಾಯಿಯನ್ನೇ ನಿಲ್ಲಿಸಿದ. ಆ ತಾಯಿ 1945ರಲ್ಲಿ ಕಿರಿಯ ಮಗನನ್ನು ಕಳೆದುಕೊಂಡಿದ್ದಳು. ಶಿಲುಬೆಯ ಕೆಳಗೆ ಅವಳು ಕುಸಿಯುವುದನ್ನು ನೋಡಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. 1975ರ ನವೆಂಬರ್‌ನಲ್ಲಿ ರೋಮ್ ಪಕ್ಕದ ಕಡಲತೀರ ಓಸ್ತಿಯಾದ ಹತ್ತಿರ ಪಸೋಲಿನಿಯ ಕೊಲೆಯಾಯಿತು. ಆಗಲೂ ಆ ತಾಯಿ ಬದುಕಿದ್ದಳು.

ನಿನ್ನ ಅಜ್ಜಿ ಊರಲ್ಲೇ ಇದ್ದಾರೆ ಅಂದೆ. ಹೋಗಿ ಪಕ್ಕ ಕೂತು ಅಡಿಕೆ ಸುಲಿ. ಫೋನ್ ಒಳಗಿಡು, ಕಿವಿ ಕೊಡು. ಆಮೇಲೆ ಆ ಎರಡು ಪುಟ ಮಾತ್ರ ಮತ್ತೆ ಬರೆದು ಕಳಿಸು. ಕಾಯುತ್ತಿರುತ್ತೇನೆ.