ನಾಟಕ ಬರೆದವರ ಹೆಸರನ್ನೂ ಹೇಳಿ

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಟೇಲರ್ ಅಂಗಡಿ ನಡೆಸುತ್ತೇನೆ. ನಮ್ಮಪ್ಪನದೂ ಇದೇ ಕಸುಬು. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳು ಊರಿಗೆ ಬಂದು ಟೆಂಟ್ ಹಾಕುತ್ತಿದ್ದವು. ಆಗ ನಮ್ಮ ಮನೆ ತುಂಬ ಮಖಮಲ್ಲು, ಜರಿ ಪಟ್ಟಿ, ಹೊಳೆಯುವ ಚಕ್ಕೆ. ರಾಜನ ಅಂಗಿಗೆ ಚಕ್ಕೆ ಹಚ್ಚುವ ಕೆಲಸ ನನ್ನದು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ಮಾತುಗಳನ್ನು ನಾನು ಓದಿ ಕಲಿತವನಲ್ಲ. ಟೆಂಟಿನ ಹಿಂದೆ ಗುಂಡಿ ಹೊಲಿಯುತ್ತಾ ಕೇಳಿ ಕೇಳಿ ಬಾಯಿಪಾಠ ಆದವು. ನನಗೆ ನಾಟಕ ಅಂದರೆ ಅದೇ. ರಾತ್ರಿ ಪೂರ್ತಿ ನಡೆಯಬೇಕು, ಪೇಟಿ (ಹಾರ್ಮೋನಿಯಂ) ಇರಬೇಕು, ಕಿರೀಟ ಇರಬೇಕು. ಹೋದ ತಿಂಗಳವರೆಗೂ ಹಾಗೇ ಅಂದುಕೊಂಡಿದ್ದೆ.

ಹೋದ ತಿಂಗಳು ಒಬ್ಬ ಹುಡುಗ ಹಳೆಯದೊಂದು ಅಂಗಿ ಹಿಡಿದುಕೊಂಡು ಅಂಗಡಿಗೆ ಬಂದ. ‘ಕಾಕಾ, ಈ ಜೇಬಿನ ಒಂದು ಬದಿ ಹೊಲಿಗೆ ಬಿಚ್ಚಿಕೊಡ್ರಿ’ ಅಂದ. ಹೊಲಿಸಲು ಬರುವವರನ್ನು ನೋಡಿದ್ದೇನೆ, ಬಿಚ್ಚಿಸಲು ಬಂದವನು ಇವನೇ ಮೊದಲು. ಯಾಕಪ್ಪಾ ಅಂದೆ. ನಾಟಕಕ್ಕೆ ಅಂದ. ಉಳಿದ ಡ್ರೆಸ್ ಎಲ್ಲಿ ಅಂದರೆ, ‘ಇದೊಂದೇ ಕಾಕಾ. ಇಪ್ಪತ್ತು ನಿಮಿಷದ ನಾಟಕ’ ಅಂದ. ಬ್ಲೇಡು ತಗೊಂಡು ಬಿಚ್ಚಿಕೊಟ್ಟೆ. ‘ನೋಡ್ಲಕ ಬರ್ರಿ’ ಅಂತ ಹೇಳಿ ಹೋದ. ಆ ಭಾನುವಾರ ನಮ್ಮ ಮನೆಯವರನ್ನು ಕರೆದುಕೊಂಡು ಹೋದೆ.

ಸಣ್ಣ ಹಾಲ್. ಪ್ಲಾಸ್ಟಿಕ್ ಕುರ್ಚಿಗಳು. ಒಂದಾದ ಮೇಲೊಂದು ಮೂರು ಕಿರುನಾಟಕ. ಮೂರೂ ಹೊಸವು. ಬರೆದವರು ಈ ಕಡೆಯವರೇ ಆದ ಹುಡುಗ ಹುಡುಗಿಯರು.

ಮೊದಲನೆಯದರಲ್ಲಿ ನಾನು ಜೇಬು ಬಿಚ್ಚಿದ ಅಂಗಿ ಬಂತು. ಅದನ್ನು ಹಾಕಿಕೊಂಡವನು ಶಹಾಬಾದ್ ಕಡೆ ಕಲ್ಲಿನ ಗಣಿಯಲ್ಲಿ ಮೂವತ್ತು ವರ್ಷ ಫರಸಿ ಒಡೆದ ಮುದುಕ. ರೇಷನ್ ಅಂಗಡಿಗೆ ಬಂದಿದ್ದಾನೆ. ಹೆಬ್ಬೆಟ್ಟು ಒತ್ತಿದರೆ ಮಷಿನ್ ತಗೊಳ್ಳುತ್ತಿಲ್ಲ. ಕಲ್ಲು ಹೊತ್ತು ಹೊತ್ತು ಬೆರಳಿನ ಗೆರೆಯೇ ಸವೆದುಹೋಗಿದೆ. ‘ಇನ್ನೊಂದ್ ಸಲ ಒತ್ತು’ ಅನ್ನುತ್ತಾನೆ ಅಂಗಡಿಯವನು. ‘ಬ್ಯಾರೆ ಬೆರಳು ಹಚ್ಚು’ ಅನ್ನುತ್ತಾನೆ. ಮುದುಕ ಪ್ರತಿ ಸಲ ಮುಂದಕ್ಕೆ ಬಾಗಿ ಕೈ ಚಾಚಿದಾಗ ಆ ಅರ್ಧ ಬಿಚ್ಚಿದ ಜೇಬಿನಿಂದ ರೇಷನ್ ಕಾರ್ಡು ಜಾರಿ ಕೆಳಗೆ ಬೀಳುತ್ತದೆ. ಬಗ್ಗಿ ಎತ್ತಿಕೊಳ್ಳುತ್ತಾನೆ. ಧೂಳು ಒರೆಸಿ ಮತ್ತೆ ಅದೇ ಜೇಬಿಗೆ ಇಡುತ್ತಾನೆ. ಮತ್ತೆ ಬೀಳುತ್ತದೆ. ನಾಲ್ಕನೇ ಸಲ ಬಿದ್ದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಆ ಹೊಲಿಗೆ ಬಿಚ್ಚಿದವನು ನಾನೇ ಅಲ್ವಾ?

‘ಈ ಕೈ ನಂದಲ್ಲ ಅಂತದೇನ್ರೀ ಇದು?’ ಅಂತ ಒಂದೇ ಒಂದು ಸಲ ಕೇಳುತ್ತಾನೆ. ಅಂಗಡಿಯವನು ಕೆಟ್ಟವನಲ್ಲ, ಅವನ ಕೈಲೂ ಏನೂ ಇಲ್ಲ. ಕೊನೆಗೆ ಮುದುಕ ಕಾರ್ಡನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತೂ ಬೆರಳು ಒಟ್ಟಿಗೆ ಮುಂದೆ ಚಾಚುತ್ತಾನೆ. ಲೈಟ್ ಆಫ್. ವಾಚು ನೋಡಿದೆ, ಹದಿನೆಂಟು ನಿಮಿಷ. ಕಿರೀಟವಿಲ್ಲ, ಪೇಟಿಯಿಲ್ಲ, ಒಂದು ಅಂಗಿ, ಒಂದು ಮೇಜು. ನಮ್ಮಪ್ಪ ಇದ್ದಿದ್ದರೆ ಕರೆದುಕೊಂಡು ಬರುತ್ತಿದ್ದೆ.

ಎರಡನೆಯದು ಇಬ್ಬರು ಹೆಂಗಸರದ್ದು. ಅತ್ತೆ, ಸೊಸೆ. ಮಗ, ಸೊಸೆ, ಮೊಮ್ಮಗಳು ಮರುದಿನ ಮುಂಬೈಗೆ ಗುಳೆ ಹೋಗಬೇಕು. ಅತ್ತೆ ಊರಲ್ಲೇ ಉಳಿಯುತ್ತಾಳೆ. ನಾಟಕ ಪೂರ್ತಿ ಇಬ್ಬರೂ ಒಂದು ಹಳೇ ಸೀರೆ ಹಾಸಿ ಗಂಟು ಕಟ್ಟುತ್ತಾರೆ, ಅಷ್ಟೇ. ಜೋಳದ ಹಿಟ್ಟು, ಶೇಂಗಾ ಹಿಂಡಿ, ಎರಡು ಪಾತ್ರೆ, ಕೌದಿ, ಮಗುವಿನ ಸಾಲಿ ಚೀಲ. ಕಟ್ಟಿದರೆ ಒಂದು ಹೊರಗೆ ಉಳಿಯುತ್ತದೆ. ಬಿಚ್ಚಿ ಮತ್ತೆ ಕಟ್ಟುತ್ತಾರೆ. ಪ್ರತಿ ಸಲವೂ ಹೊರಗೆ ಉಳಿಯುವುದು ಸಾಲಿ ಚೀಲವೇ. ‘ಅಲ್ಲಿ ಸಾಲಿಗೆ ಯಾರು ಕಳಸ್ತಾರ ಯವ್ವಾ’ ಅನ್ನುತ್ತಾಳೆ ಸೊಸೆ. ಅತ್ತೆ ಸುಮ್ನೆ ಇರುತ್ತಾಳೆ. ಕೊನೇ ಸಲ ಗಂಟು ಬಿಚ್ಚಿದಾಗ ಮುದುಕಿ ಹಿಟ್ಟಿನ ಡಬ್ಬಿ ತೆಗೆದು ಪಕ್ಕಕ್ಕಿಟ್ಟು ಆ ಜಾಗದಲ್ಲಿ ಚೀಲ ತುರುಕುತ್ತಾಳೆ. ಗಂಟು ಸರಿಯಾಗಿ ಕೂರುತ್ತದೆ. ಹಿಟ್ಟು ಹೊರಗೆ ಉಳಿಯುತ್ತದೆ.

ಒಂದು ವಿಷಯ ಬರೆಯಲೇಬೇಕು. ಈ ನಾಟಕ ಶುರುವಾದಾಗ ಸೊಸೆಯ ಬಾಯಲ್ಲಿ ನಮ್ಮ ಮಾತು ಕೇಳಿದ ಕೂಡಲೇ ಹಾಲಿನಲ್ಲಿ ಕೆಲವರು ನಕ್ಕರು. ಅವರ ತಪ್ಪಲ್ಲ. ನಾಟಕ, ಸಿನಿಮಾ, ಟೀವಿ ಎಲ್ಲದರಲ್ಲೂ ಕಲಬುರಗಿ ಕಡೆಯ ಮಾತು ನಗಿಸುವವನ ಪಾತ್ರಕ್ಕೇ ಇಟ್ಟದ್ದು ಜಾಸ್ತಿ. ಕೆಲಸದ ಆಳು, ಕುಡುಕ, ಪೆದ್ದ, ಇವರಿಗೆ ನಮ್ಮ ಮಾತು. ಅಳುವವರಿಗೆ, ಯೋಚನೆ ಮಾಡುವವರಿಗೆ ಪುಸ್ತಕದ ಮಾತು. ಅದೇ ರೂಢಿ ಆಗಿಬಿಟ್ಟಿದೆ. ಐದು ನಿಮಿಷ ಕಳೆದ ಮೇಲೆ ಯಾರೂ ನಗಲಿಲ್ಲ. ನಮ್ಮ ಮಾತಿನಲ್ಲೇ ಒಬ್ಬ ಹೆಂಗಸು ದುಃಖ ಹೇಳಿಕೊಳ್ಳುವುದನ್ನು ರಂಗದ ಮೇಲೆ ನಾನು ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು. ನಮ್ಮ ಮನೆಯವರ ತವರು ಜೇವರ್ಗಿ ತಾಲೂಕಿನದು. ಅವರ ಅವ್ವ ಅಪ್ಪನೂ ಒಂದು ವರ್ಷ ಮುಂಬೈಗೆ ಹೋಗಿದ್ದವರೇ. ನಮ್ಮ ಮನೆಯವರು ಕಣ್ಣು ಒರೆಸಿಕೊಂಡು, ‘ಇದನ್ನ ಬರದೋರು ಯಾರು?’ ಅಂದರು.

ಯಾರು ಅಂತ ನನಗೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ಆಮಂತ್ರಣ ಪತ್ರಿಕೆ ನೋಡಿದೆ. ಹನ್ನೊಂದು ಹೆಸರು ಎಣಿಸಿದೆ. ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಉಪಸ್ಥಿತಿ, ಸ್ವಾಗತ, ವಂದನೆ. ನಾಟಕ ಬರೆದ ಮೂವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ವೇದಿಕೆ ಮೇಲಿನಿಂದಲೂ ಹೇಳಲಿಲ್ಲ. ಭಾಷಣಗಳಿಗೆ ಮುಕ್ಕಾಲು ಗಂಟೆ ಹೋಗಿತ್ತು. ಅದರಲ್ಲಿ ಅರ್ಧ ನಿಮಿಷ ಸಾಕಿತ್ತು. ಯಾರನ್ನೂ ಬೈಯಬೇಕೆಂದು ಬರೆಯುತ್ತಿಲ್ಲ. ಹಾಲ್ ಹಿಡಿದು, ಹುಡುಗರನ್ನು ಕೂಡಿಸಿ, ಇಷ್ಟು ಮಾಡಿದವರಿಗೆ ಕೈ ಮುಗಿಯುತ್ತೇನೆ. ಆದರೆ ಇದು ನನಗೆ ಬಹಳ ನೋವು ಮಾಡಿತು.

ಹೊರಗೆ ಬಂದ ಮೇಲೆ ಆ ಅಂಗಿಯ ಹುಡುಗನೇ ತೋರಿಸಿದ. ಗಂಟಿನ ನಾಟಕ ಬರೆದವರು ಕೊನೇ ಸಾಲಿನಲ್ಲಿ ಕೂತಿದ್ದ ಹುಡುಗಿ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ನಮ್ಮ ಮನೆಯವರು ಆಕೆಯ ಎರಡೂ ಕೈ ಹಿಡಿದುಕೊಂಡರು, ಮಾತಾಡಲಿಲ್ಲ. ಪೇಪರಿಗೆ ಬರೆಯುತ್ತೇನೆ, ನಿಮ್ಮ ಹೆಸರು ಹಾಕಲಾ ಅಂತ ಕೇಳಿದೆ. ‘ಬ್ಯಾಡ್ರಿ ಕಾಕಾ, ಮನ್ಯಾಗ ಇನ್ನಾ ಹೇಳಿಲ್ಲ’ ಅಂದರು. ಅದಕ್ಕೇ ಇಲ್ಲಿ ಬರೆದಿಲ್ಲ.

ಮೂರನೆಯ ನಾಟಕ ನನಗೆ ಅಷ್ಟು ಹಿಡಿಸಲಿಲ್ಲ. ಕೆರೆ ಮುಚ್ಚುವ ಕಥೆ. ಚೆನ್ನಾಗಿಯೇ ಶುರುವಾಯಿತು. ಆದರೆ ಕೊನೆಗೆ ಒಬ್ಬ ಮುಂದೆ ಬಂದು ನಮಗೆ ಬುದ್ಧಿ ಹೇಳಲು ನಿಂತ. ಬರೆದ ಹುಡುಗ ಬೇಜಾರು ಮಾಡಿಕೊಳ್ಳದೆ ಇನ್ನೂ ಹತ್ತು ಬರೆಯಲಿ.

ಕಿರುನಾಟಕ ಕನ್ನಡಕ್ಕೆ ಹೊಸತಲ್ಲ. ಕೈಲಾಸಂ, ಶ್ರೀರಂಗರಿಂದ ಬಂದ ದಾರಿ ಅದು. ನಾನು ಹುಡುಗನಾಗಿದ್ದಾಗ ಕಾಲೇಜು ತಂಡಗಳು ಲಂಕೇಶರ ‘ತೆರೆಗಳು’, ಚಂದ್ರಶೇಖರ ಪಾಟೀಲರ ‘ಕೊಡೆಗಳು’ ಆಡುತ್ತಿದ್ದವು. ಅವರ ಪ್ಯಾಂಟು ಅಂಗಿ ನಮ್ಮ ಅಂಗಡಿಗೇ ಬರುತ್ತಿದ್ದವು. ಆಗ ಅವೂ ಹೊಸವೇ, ಬರೆದವರು ಬದುಕಿದ್ದರು, ಪೇಪರಿನಲ್ಲಿ ಜನ ಜಗಳ ಆಡುತ್ತಿದ್ದರು. ನಮ್ಮ ಭಾಗದಲ್ಲೇ ಎಲ್.ಬಿ.ಕೆ. ಆಲ್ದಾಳ ಅವರು ಹಳ್ಳಿ ಹಳ್ಳಿಯ ತಂಡಗಳಿಗೆ ನಾಟಕ ಬರೆದುಕೊಟ್ಟರು. ಜನ ಅವರ ಹೆಸರು ಹೇಳಿ ನಾಟಕ ನೋಡಲು ಹೋಗುತ್ತಿದ್ದರು. ಈಗ ಹೊಸಬರ ನಾಟಕ ಒಂದು ಸಂಜೆ ಆಡಿದರೆ ಮುಗೀತು. ಎರಡನೇ ಪ್ರಯೋಗ ಇಲ್ಲ, ಅಚ್ಚು ಇಲ್ಲ, ವಿಮರ್ಶೆ ಇಲ್ಲ. 2020ರ ಫೆಬ್ರುವರಿಯಲ್ಲಿ ನಮ್ಮೂರಲ್ಲಿ 85ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅಧ್ಯಕ್ಷರಾಗಿದ್ದ ಎಚ್.ಎಸ್. ವೆಂಕಟೇಶಮೂರ್ತಿ ಅವರೂ ನಾಟಕ ಬರೆದವರೇ. ಅಲ್ಲಿ ಪುಸ್ತಕದ ಮಳಿಗೆಗಳಲ್ಲಿ ನಾನು ಅರ್ಧ ದಿನ ಸುತ್ತಿದೆ. ಹಳೆಯ ನಾಟಕಗಳು ಸಿಕ್ಕವು. ಹೊಸಬರ ಕಿರುನಾಟಕ ಕೇಳಿದರೆ, ‘ನಾಟಕ ಯಾರೂ ತಗೊಳ್ಳಲ್ಲ ಸರ್’ ಅಂದರು.

ಇಲ್ಲೇ ನಿಮ್ಮಲ್ಲಿ ನನ್ನ ಬೇಡಿಕೆ ಇದೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ಕಥೆ ಬರುತ್ತದೆ, ಕವಿತೆ ಬರುತ್ತದೆ. ತಿಂಗಳಿಗೊಂದು ಕಿರುನಾಟಕ ಯಾಕೆ ಬರಬಾರದು? ಹದಿನೆಂಟು ನಿಮಿಷದ ನಾಟಕ ಒಂದು ಕಥೆಯಷ್ಟೇ ಜಾಗ ತಗೊಳ್ಳುತ್ತದೆ. ಪೇಪರಿನಲ್ಲಿ ಬಂದರೆ ಚಿತ್ತಾಪುರದ ಮೇಷ್ಟ್ರು ಓದುತ್ತಾರೆ, ಬೀದರಿನ ಕಾಲೇಜು ಹುಡುಗರು ಓದುತ್ತಾರೆ, ಯಾದಗಿರಿಯ ಒಂದು ತಂಡ ಆಡೋಣ ಅನ್ನುತ್ತದೆ. ಬರೆದವರ ಹೆಸರು ಅಚ್ಚಾಗಿರುತ್ತದೆ, ಅಳಿಸಲು ಆಗುವುದಿಲ್ಲ. ನಾಟಕ ಆದ ಮರುದಿನ ನಿಮ್ಮ ವರದಿಗಾರರು ಅತಿಥಿಗಳ ಮಾತಿನ ಜೊತೆ ನಾಟಕದ ಬಗ್ಗೆಯೂ ನಾಲ್ಕು ಸಾಲು ಬರೆಯಲಿ. ಚೆನ್ನಾಗಿಲ್ಲ ಅಂತ ಬರೆದರೂ ಆಯಿತು. ಬರೆದವರಿಗೆ ಅದೂ ಬೇಕು.

ಇನ್ನೊಂದು ಮಾತು ತಂಡದವರಿಗೆ. ಜೀವಂತ ಇರುವ ಲೇಖಕರ ನಾಟಕ ಆಡುವಾಗ ಕೇಳಿ ಆಡಿ. ಕಾನೂನೂ ಅದನ್ನೇ ಹೇಳುತ್ತದೆ. ಬರೆದವರು ತೀರಿಕೊಂಡು 60 ವರ್ಷದ ತನಕ ಹಕ್ಕು ಅವರ ಮನೆಯವರದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ನಾಟಕಗಳನ್ನು ಇವತ್ತು ಯಾರು ಬೇಕಾದರೂ ಆಡಬಹುದು. ಲ್ಯಾಬಿನ ಆ ಹುಡುಗಿಯದು ಹಾಗಲ್ಲ. ಒಂದು ಫೋನ್ ಮಾಡಿ ಕೇಳಬೇಕು, ಐನೂರೋ ಸಾವಿರವೋ ಗೌರವಧನ ಕವರಿನಲ್ಲಿ ಹಾಕಿ ಕೊಡಬೇಕು. ಪರದೆ ಬಾಡಿಗೆ ಕೊಡುತ್ತೇವೆ, ಮೈಕ್ ಬಾಡಿಗೆ ಕೊಡುತ್ತೇವೆ, ನನಗೆ ಜೇಬು ಬಿಚ್ಚಿದ್ದಕ್ಕೂ ಹುಡುಗ ಇಪ್ಪತ್ತು ರೂಪಾಯಿ ಕೊಟ್ಟುಹೋದ.

ಕಿರುನಾಟಕ ನಮ್ಮ ಊರಿಗೆ ಹೊಂದುತ್ತದೆ. ಯಾಕೆ ಅಂದರೆ ಬಸ್ಸು. ದೊಡ್ಡ ನಾಟಕ ಏಳಕ್ಕೆ ಶುರುವಾಗಿ ಹತ್ತಕ್ಕೆ ಮುಗಿದರೆ ಆಳಂದ, ಸೇಡಂ, ಜೇವರ್ಗಿ ಕಡೆಯವರು ಅರ್ಧಕ್ಕೇ ಎದ್ದು ಹೋಗಬೇಕು. ಹೆಂಗಸರಂತೂ ಬರುವುದೇ ಇಲ್ಲ. ಐದೂವರೆಗೆ ಶುರುಮಾಡಿ ಏಳಕ್ಕೆ ಮುಗಿಸಿದರೆ ಎಲ್ಲರೂ ಬರಬಹುದು. ಮೈಸೂರು, ಧಾರವಾಡ, ಶಿವಮೊಗ್ಗದ ಹಾಗೆ ನಮ್ಮಲ್ಲೂ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆ. ಎಸ್.ಎಂ. ಪಂಡಿತ ರಂಗಮಂದಿರ ಇದೆ. ತಿಂಗಳಲ್ಲಿ ಒಂದು ಭಾನುವಾರ ಹೊಸಬರ ಕಿರುನಾಟಕಕ್ಕೆ ಅಂತ ಬಿಟ್ಟುಕೊಟ್ಟರೆ ಜನ ಆ ದಿನ ನೆನಪಿಟ್ಟುಕೊಂಡು ಬರುತ್ತಾರೆ. ನಾವಿಬ್ಬರಂತೂ ಬರುತ್ತೇವೆ.

ಆ ಅಂಗಿ ಈಗ ನನ್ನ ಅಂಗಡಿಯಲ್ಲೇ ಇದೆ. ಹುಡುಗ ನಾಟಕ ಮುಗಿದ ಎರಡು ದಿನಕ್ಕೆ ತಂದು, ‘ಹೊಲಿದು ಬಿಡ್ರಿ ಕಾಕಾ, ಇನ್ನ ಷೋ ಇಲ್ಲ’ ಅಂದ. ಒಗೆದು ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದ್ದೇನೆ. ಜೇಬು ಹೊಲಿದಿಲ್ಲ. ಆ ಅಂಗಿ ಯಾವ ತಂಡಕ್ಕೆ ಬೇಕೋ ಬಂದು ಒಯ್ಯಲಿ. ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಯಲ್ಲಿ ಯಾರೇ ಹೊಸ ಕಿರುನಾಟಕ ಆಡಿದರೂ ಬಟ್ಟೆ ತಂದುಕೊಟ್ಟರೆ ಸಾಕು, ಹೊಲಿಗೆ ಕೂಲಿ ನಾನು ತಗೊಳ್ಳುವುದಿಲ್ಲ. ಬರುವಾಗ ಆಮಂತ್ರಣ ಪತ್ರಿಕೆ ತನ್ನಿ. ಅದರಲ್ಲಿ ನಾಟಕ ಬರೆದವರ ಹೆಸರು ಎಲ್ಲರಿಗಿಂತ ಮೇಲೆ ಇರಬೇಕು.

ಇಂತಿ ನಿಮ್ಮ ಓದುಗ,
ಒಬ್ಬ ಟೇಲರ್, ಸೂಪರ್ ಮಾರ್ಕೆಟ್, ಕಲಬುರಗಿ