ಹೆಸರು ಹೇಳದೆ ಹೋದ ಅಣ್ಣನಿಗೆ

ದಾವಣಗೆರೆಯ ಹದಡಿ ರಸ್ತೆಯ ಟೀ ಅಂಗಡಿಯಲ್ಲಿ ನಮ್ಮ ಬ್ಯಾಂಡಿನ ಮಾತು ಕಿವಿಗೆ ಬಿದ್ದು ಪಕ್ಕದಲ್ಲಿ ಬಂದು ಕೂತಿರಲ್ಲ ಅಣ್ಣ, ನಿಮಗೆ ತುಂಬಾ ಥ್ಯಾಂಕ್ಸ್. ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಸ್ಪಾಟಿಫೈನಲ್ಲಿ ಹಾಡನ್ನು ಪಿಚ್ ಮಾಡಿದರೆ, ಅಂದರೆ ಅವರ ಪ್ಲೇಲಿಸ್ಟ್ ತಂಡಕ್ಕೆ ಹಾಡಿನ ವಿವರ ಕಳಿಸಿದರೆ, ಫಾಲೋವರ್‌ಗಳ ಹೊಸ ಹಾಡುಗಳ ಪ್ಲೇಲಿಸ್ಟ್ ಆದ ರಿಲೀಸ್ ರೇಡಾರ್‌ಗೆ ಸೇರುತ್ತೆ ಅಂತ ತೋರಿಸಿಕೊಟ್ಟಿರಿ. ಹಾಡಿನ ಬಗ್ಗೆ ಬರೆಯೋಕೆ ಅಲ್ಲಿರೋದು 500 ಅಕ್ಷರದ ಜಾಗ ಅಷ್ಟೇ. ನಾವು ಬರೆದಿದ್ದ ‘ಅದ್ಭುತ ಗೀತೆ’ ಅಳಿಸಿ, ‘ತಮಟೆ, ಬೇಸ್ ಗಿಟಾರ್, ದಾವಣಗೆರೆಯ ಹುಡುಗರು’ ಅಂತ ನೀವೇ ಟೈಪ್ ಮಾಡಿದಿರಿ. ಎಷ್ಟು ಸರಿಯಾಗಿತ್ತು ಅಲ್ವಾ! ಜಾಹೀರಾತಿಗೆ ದುಡ್ಡು ಸುರಿಯೋದಕ್ಕಿಂತ ತಮಟೆ ಬಾರಿಸೋ ಭಾಗವನ್ನೇ ರೀಲ್ ಮಾಡಿ ಅಂದಿರಿ. ಹಾಗೇ ಮಾಡಿದೆವು. ಈಗ ಗುರುತು ಪರಿಚಯ ಇಲ್ಲದವರೂ ಹಾಡು ಕೇಳಿ ಮೆಸೇಜ್ ಮಾಡ್ತಿದ್ದಾರೆ. ಟೀ ದುಡ್ಡನ್ನೂ ನೀವೇ ಕೊಟ್ಟು ಹೊರಟುಬಿಟ್ಟಿರಿ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಮೆಸೇಜ್ ಹಾಕಿ ಅಣ್ಣ, ಮುಂದಿನ ಹಾಡು ಮೊದಲು ನಿಮಗೇ ಕೇಳಿಸಬೇಕು.