ಹಾಲು ಕುಡಿಸುವ ತಾಯಿಗೆ ಬಾತ್‌ರೂಮು ತೋರಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಶಿರಸಿಯ ಹೋಟೆಲೊಂದರಲ್ಲಿ ನನ್ನ ಮೂರು ತಿಂಗಳ ಮಗಳು ಹಸಿದು ಅತ್ತಳು. ಮೂಲೆಯಲ್ಲಿ ಕೂತು, ಸೆರಗು ಹೊದ್ದು ಹಾಲು ಕುಡಿಸತೊಡಗಿದೆ. ಪಕ್ಕದವರು ಮುಖ ಸಿಂಡರಿಸಿದರು. ಹೋಟೆಲ್‌ನವರು ಬಂದು, ‘ಬಾತ್‌ರೂಮಿಗೆ ಹೋಗಿ ಕುಡಿಸಿ ಮೇಡಂ’ ಎಂದರು. ಅಲ್ಲಿ ಕೂತು ನಾವು ಯಾರಾದರೂ ಊಟ ಮಾಡುತ್ತೇವಾ? ಕಣ್ಣಲ್ಲಿ ನೀರು ಬಂತು.

ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಕಾರವಾರದಿಂದ ಘಟ್ಟ ಹತ್ತಿ ಬರುವಷ್ಟರಲ್ಲೇ ಮತ್ತೆ ಹಸಿವಾಗುತ್ತದೆ, ಅಲ್ವಾ?

ಅದೇ ದಿನ ಬಸ್ಸಿನಲ್ಲಿ, ಕುಮಟಾದಲ್ಲಿ ಹತ್ತಿದ ಮೀನು ಮಾರುವ ಅಕ್ಕ ಏನೂ ಕೇಳದೆ ತನ್ನ ಟವೆಲ್ ಅಡ್ಡ ಹಿಡಿದಿದ್ದರು. ಹೋಟೆಲ್‌ನವರು ಅಷ್ಟೂ ಮಾಡಬೇಕಿಲ್ಲ. ಕುರ್ಚಿ ಗೋಡೆಯತ್ತ ತಿರುಗಿಸಿಕೊಡಲಿ, ಸಾಕು.

— ಒಬ್ಬ ತಾಯಿ, ಕಾರವಾರ